ಹಳೆಯ ಡಾಸ್ ಆಟದ ಹಟ

ಡಾಸ್ ಕಾಲದ ಆಟವೊಂದನ್ನು ಇಂದಿನ ಕಂಪ್ಯೂಟರಿನಲ್ಲಿ ತೆರೆಯಲು ಹೋದವರಿಗೆ ಮೊದಲು ಸಿಗುವುದು ನಿರಾಕರಣೆ. ಕರ್ನಾಟಕದ ಕಂಪ್ಯೂಟರ್ ತರಗತಿಗಳಲ್ಲಿ 1990ರ ದಶಕವನ್ನು ಕಳೆದವರ ನೆನಪಿನಲ್ಲಿ ಎರಡು ಆಟಗಳು ಗಟ್ಟಿಯಾಗಿ ಉಳಿದಿವೆ: ಡೇವ್ ಮತ್ತು ಪ್ರಿನ್ಸ್. 'ಡೇಂಜರಸ್ ಡೇವ್' ಆಟವನ್ನು ಜಾನ್ ರೊಮೆರೊ 1988ರಲ್ಲಿ ಆಪಲ್ 2 ಯಂತ್ರಕ್ಕಾಗಿ ಬರೆದರು. ಅದರ ಡಾಸ್ ರೂಪ 1990ರಲ್ಲಿ ಬಂತು. ಜೋರ್ಡನ್ ಮೆಕ್ನರ್ ಅವರ 'ಪ್ರಿನ್ಸ್ ಆಫ್ ಪರ್ಷಿಯಾ' ಕೂಡ 1989ರಲ್ಲಿ ಆಪಲ್ 2ರಲ್ಲಿ ಹುಟ್ಟಿ, ಮರುವರ್ಷ ಡಾಸ್‌ಗೆ ಬಂದದ್ದು. ಪ್ರಾಕ್ಟಿಕಲ್ ಮುಗಿಸಿ ಉಳಿದ ಹತ್ತು ನಿಮಿಷದಲ್ಲಿ ಟ್ರೋಫಿ ಹಿಡಿದು ಬಾಗಿಲು ದಾಟುವುದನ್ನೂ, ಒಂದು ಗಂಟೆಯ ಗಡುವಿನೊಳಗೆ ರಾಜಕುಮಾರಿಯನ್ನು ಬಿಡಿಸುವುದನ್ನೂ ಕಲಿತ ತಲೆಮಾರು ಈಗ ಮಕ್ಕಳಿಗೆ ಅದನ್ನು ತೋರಿಸಲು ಬಯಸುತ್ತದೆ. ಫೈಲನ್ನು ಒತ್ತಿದರೆ, ಈ ಆ್ಯಪ್ ನಿಮ್ಮ ಪಿಸಿಯಲ್ಲಿ ನಡೆಯುವುದಿಲ್ಲ ಎಂಬ ಒಂದು ಸಾಲು ಬರುತ್ತದೆ, ಅಷ್ಟೆ.

ಕಾರಣ ಆಟದಲ್ಲಿಲ್ಲ. ಡಾಸ್ ಪ್ರೋಗ್ರಾಮುಗಳು 16 ಬಿಟ್‌ನವು. 32 ಬಿಟ್ ವಿಂಡೋಸ್ ತನ್ನೊಳಗೇ ಒಂದು ಪುಟ್ಟ ಡಾಸ್ ಯಂತ್ರವನ್ನು ಸೃಷ್ಟಿಸಿ ಅವುಗಳಿಗೆ ಜಾಗ ಕೊಡುತ್ತಿತ್ತು. ಆ ಏರ್ಪಾಡು ನಿಂತಿದ್ದುದು ಪ್ರೊಸೆಸರಿನ ಒಂದು ವಿಶೇಷ ಸ್ಥಿತಿಯ ಮೇಲೆ. ಪ್ರೊಸೆಸರ್ 64 ಬಿಟ್ ಕ್ರಮದಲ್ಲಿ ದುಡಿಯುವಾಗ ಆ ಸ್ಥಿತಿಯೇ ಇರುವುದಿಲ್ಲ. ಹೀಗಾಗಿ 64 ಬಿಟ್ ವಿಂಡೋಸ್ ಬಂದ ಮೇಲೆ ಹಳೆಯ ಆಟಗಳಿಗೆ ಬಾಗಿಲು ಪೂರ್ತಿ ಮುಚ್ಚಿತು.

ಉಳಿದ ದಾರಿ ಎಮ್ಯುಲೇಶನ್. ಹಳೆಯ ಯಂತ್ರದ ಪ್ರೊಸೆಸರ್, ಗಡಿಯಾರ, ಪರದೆ, ಸೌಂಡ್ ಕಾರ್ಡ್ ಎಲ್ಲವನ್ನೂ ಸಾಫ್ಟ್‌ವೇರಿನಲ್ಲೇ ನಟಿಸಿ ತೋರಿಸುವ ಕೆಲಸ ಇದು. ಡಾಸ್ ಆಟಗಳ ಮಟ್ಟಿಗೆ ಇದರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಡಾಸ್‌ಬಾಕ್ಸ್. ಪೀಟರ್ ವೀನ್‌ಸ್ಟ್ರಾ ಮತ್ತು ಶೂರ್ಡ್ ವಾನ್ ಡೆರ್ ಬರ್ಗ್ ಆರಂಭಿಸಿದ ಈ ಮುಕ್ತ ತಂತ್ರಾಂಶ 2002ರಿಂದ ಉಚಿತವಾಗಿ ಸಿಗುತ್ತಿದೆ. 2010ರಲ್ಲಿ ಬಂದ ಅದರ 0.74 ಆವೃತ್ತಿಯ ಗಾತ್ರ ಒಂದೂವರೆ ಎಂಬಿಯ ಆಸುಪಾಸು, ಸುಮಾರು ಒಂದು ಫ್ಲಾಪಿಯಷ್ಟು. ಡಾಸ್ ಬೇರೆ ತರಬೇಕಿಲ್ಲ, ಅದನ್ನೂ ಅದೇ ಒದಗಿಸುತ್ತದೆ. ಇಂಟರ್ನೆಟ್ ಆರ್ಕೈವ್ 2015ರ ಜನವರಿಯಲ್ಲಿ ಸುಮಾರು 2,400 ಡಾಸ್ ಆಟಗಳನ್ನು ಬ್ರೌಸರಿನಲ್ಲೇ ಆಡುವಂತೆ ಮಾಡಿದಾಗಲೂ ಒಳಗೆ ದುಡಿದದ್ದು ಡಾಸ್‌ಬಾಕ್ಸೇ. ಆದರೆ ಆ ದಾರಿಗೆ ನೆಟ್‌ವರ್ಕ್ ಬೇಕು. ದಾಂಡೇಲಿಯ ಕಾಡಿನೊಳಗಿನ ಕುಳಗಿಯಲ್ಲೋ ಜೋಯಿಡಾದ ಒಳಹಳ್ಳಿಗಳಲ್ಲೋ ಕುಳಿತವರಿಗೆ, ಒಮ್ಮೆ ಇಳಿಸಿಕೊಂಡರೆ ಸಿಗ್ನಲ್ಲಿನ ಹಂಗಿಲ್ಲದೆ ನಡೆಯುವ ಡಾಸ್‌ಬಾಕ್ಸೇ ಸರಿಯಾದ ಆಯ್ಕೆ.

ತೆರೆದೊಡನೆ ಕಪ್ಪು ಪರದೆಯ ಮೇಲೆ ಝಡ್ ಡ್ರೈವಿನ ಗುರುತು ಕಾಣುತ್ತದೆ. ಆಟದ ಫೋಲ್ಡರನ್ನು 'ಮೌಂಟ್' ಆದೇಶದಿಂದ ಸಿ ಡ್ರೈವ್ ಎಂದು ಹೆಸರಿಸಿ ಒಳಹೊಕ್ಕರೆ ಆಯಿತು. ಡಾಸ್‌ನಲ್ಲಿ ಫೈಲಿನ ಹೆಸರಿಗೆ ಎಂಟು ಅಕ್ಷರ, ಬಾಲಕ್ಕೆ ಮೂರು. ಫೋಲ್ಡರಿಗೂ ಚಿಕ್ಕ ಹೆಸರಿಟ್ಟರೆ ಮುಂದಿನ ಗೊಂದಲ ತಪ್ಪುತ್ತದೆ. ಇಷ್ಟಕ್ಕೇ ಓಡುವ ಆಟಗಳು ಬೇಕಾದಷ್ಟಿವೆ. ಹಟಮಾರಿ ಆಟಗಳ ಕಥೆ ಇಲ್ಲಿಂದ ಮುಂದೆ.

ಹಟದಲ್ಲಿ ಮೊದಲನೆಯದು ವೇಗದ್ದು. 1981ರ ಐಬಿಎಂ ಪಿಸಿಯ ಪ್ರೊಸೆಸರ್ ಸೆಕೆಂಡಿಗೆ 47 ಲಕ್ಷದ 70 ಸಾವಿರ ಬಾರಿ ಮಿಡಿಯುತ್ತಿತ್ತು. ಯಂತ್ರಗಳೆಲ್ಲ ಹೆಚ್ಚುಕಡಿಮೆ ಇದೇ ವೇಗದಲ್ಲಿ ಇರುತ್ತವೆಂದು ನಂಬಿ ಅನೇಕರು ಆಟ ಬರೆದರು. ಶತ್ರು ಒಂದು ಹೆಜ್ಜೆ ಇಟ್ಟು ಇನ್ನೊಂದು ಇಡುವ ನಡುವೆ ಸ್ವಲ್ಪ ಹೊತ್ತು ಕಾಯಬೇಕಾದರೆ, ಪ್ರೊಸೆಸರ್ ಸುಮ್ಮನೆ ಕೆಲವು ಸಾವಿರದವರೆಗೆ ಎಣಿಸುವಂತೆ ಮಾಡುವುದು ಅವರ ಉಪಾಯ. ಯಕ್ಷಗಾನದಲ್ಲಿ ಭಾಗವತರು ಲಯ ಏರಿಸಿದಂತೆ ವೇಷಧಾರಿಯ ಹೆಜ್ಜೆಯೂ ಏರಲೇಬೇಕಾದ ಹಾಗೆ, ಪ್ರೊಸೆಸರ್ ಚುರುಕಾದಂತೆ ಇಂಥ ಆಟಗಳೂ ಓಡತೊಡಗಿದವು. 1990ರ 'ವಿಂಗ್ ಕಮಾಂಡರ್' ಕೆಲವೇ ವರ್ಷಗಳಲ್ಲಿ ವೇಗದ 486 ಯಂತ್ರದ ಮೇಲೆ ಆಡಲಾಗದಷ್ಟು ಜೋರಾಯಿತು. ಆ ಕಾಲದ ಕ್ಯಾಬಿನೆಟ್ಟುಗಳ ಮೇಲಿದ್ದ ಟರ್ಬೊ ಗುಂಡಿಯ ನಿಜವಾದ ಉಪಯೋಗ ಯಂತ್ರವನ್ನು ನಿಧಾನಗೊಳಿಸುವುದಾಗಿತ್ತು.

ಡಾಸ್‌ಬಾಕ್ಸಿನಲ್ಲಿ ಆ ಗುಂಡಿಯ ಜಾಗದಲ್ಲಿರುವುದು 'ಸೈಕಲ್ಸ್' ಎಂಬ ಅಂಕಿ. ನಟನೆಯ ಪ್ರೊಸೆಸರ್ ಒಂದು ಮಿಲಿಸೆಕೆಂಡಿನಲ್ಲಿ ಎಷ್ಟು ಆದೇಶ ಪಾಲಿಸಬೇಕೆಂಬುದು ಅದರ ಅರ್ಥ. ಸಾಮಾನ್ಯ ಆಟಗಳಿಗೆ ಅದು 3,000ದಿಂದ ಶುರುವಾಗುತ್ತದೆ. ಇದು ಆರಂಭದ 386 ಯಂತ್ರಗಳ ವೇಗಕ್ಕೆ ಹತ್ತಿರ. ಕಂಟ್ರೋಲ್ ಜೊತೆ ಎಫ್11 ಒತ್ತಿದರೆ ಅಂಕಿ ಇಳಿಯುತ್ತದೆ, ಎಫ್12 ಒತ್ತಿದರೆ ಏರುತ್ತದೆ. ಆಟದ ಪಾತ್ರ ಸರಿಯಾದ ನಡಿಗೆಗೆ ಬರುವತನಕ ಒತ್ತುತ್ತ ಹೋಗಿ, ಹೊಂದಿದ ಅಂಕಿಯನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ. ಸರಿಯಾದ ವೇಗ ಯಾವುದೆಂದು ಹೇಳಬಲ್ಲದ್ದು ಅಂದು ಆಡಿದವರ ಕೈ ಮಾತ್ರ. ಆ ಕೈಗಳಿಗೂ ವಯಸ್ಸಾಗುತ್ತಿರುವುದರಿಂದ ಈ ಟಿಪ್ಪಣಿಗಳಿಗೆ ತೋರಿಕೆಗಿಂತ ಹೆಚ್ಚಿನ ಬೆಲೆಯಿದೆ.

ವೇಗ ಇನ್ನೊಂದು ರೀತಿಯಲ್ಲೂ ಕಾಡುತ್ತದೆ. ಟರ್ಬೊ ಪಾಸ್ಕಲ್‌ನಲ್ಲಿ ಬರೆದ ಎಷ್ಟೋ ಆಟಗಳು ತೆರೆದ ಕ್ಷಣವೇ 'ರನ್‌ಟೈಮ್ ಎರರ್ 200' ಎಂದು ಹೇಳಿ ಮುಚ್ಚಿಕೊಳ್ಳುತ್ತವೆ. ಈ ಪ್ರೋಗ್ರಾಮುಗಳು ಆರಂಭದಲ್ಲೇ ಯಂತ್ರದ ವೇಗ ಅಳೆಯುತ್ತವೆ: ಗಡಿಯಾರ ಒಮ್ಮೆ ಮಿಡಿಯುವ ಸುಮಾರು 55 ಮಿಲಿಸೆಕೆಂಡಿನಲ್ಲಿ ಎಷ್ಟು ಸುತ್ತು ಎಣಿಸಲಾಯಿತೋ ಅದನ್ನು 55ರಿಂದ ಭಾಗಿಸುತ್ತವೆ. ಭಾಗಲಬ್ಧಕ್ಕೆ ಇರುವ ಜಾಗ 16 ಬಿಟ್, ಅಂದರೆ 65,535ರವರೆಗೆ ಮಾತ್ರ. 200 ಮೆಗಾಹರ್ಟ್ಸ್ ಆಸುಪಾಸಿನ ಪ್ರೊಸೆಸರುಗಳು ಬಂದಾಗ ಉತ್ತರ ಆ ಮಿತಿಯನ್ನು ಮೀರಿತು, ಭಾಗಾಕಾರವೇ ಮುರಿಯಿತು. ಇದಕ್ಕೂ ಮದ್ದು ಸೈಕಲ್ಸ್ ಇಳಿಸುವುದೇ.

ಎರಡನೆಯ ಹಟ ಮೆಮೊರಿಯದು. ಡಾಸ್ ಪ್ರೋಗ್ರಾಮಿಗೆ ನೇರವಾಗಿ ದಕ್ಕುತ್ತಿದ್ದುದು 640 ಕೆಬಿ. ಅಲ್ಲಿಂದಾಚೆಯದು ಇಎಂಎಸ್, ಎಕ್ಸ್‌ಎಂಎಸ್ ಎಂಬ ಒಪ್ಪಂದಗಳ ಮೂಲಕ ಸಿಗಬೇಕು. ಇವನ್ನು ಡಾಸ್‌ಬಾಕ್ಸ್ ತಾನಾಗಿಯೇ ಒದಗಿಸುತ್ತದೆ. ತಲೆಕೆಡಿಸುವುದು ಇದಕ್ಕೆ ತದ್ವಿರುದ್ಧವಾದ ತೊಂದರೆ: ಕೆಲವು ಆಟಗಳು ಮೆಮೊರಿ ಹೆಚ್ಚು ಖಾಲಿಯಿದ್ದರೆ ಓಡುವುದಿಲ್ಲ. 'ಪ್ಯಾಕ್ಡ್ ಫೈಲ್ ಈಸ್ ಕರಪ್ಟ್' ಎಂಬ ಸಂದೇಶ ನೋಡಿ ಫ್ಲಾಪಿ ಕೆಟ್ಟಿದೆಯೆಂದು ಎಸೆದವರು ಎಷ್ಟೋ ಮಂದಿ ಇರಬೇಕು. ಫೈಲು ನೆಟ್ಟಗೇ ಇರುತ್ತದೆ. ಜಾಗ ಉಳಿಸಲು ಫೈಲನ್ನು ಮಡಿಸಿಟ್ಟ ಉಪಕರಣವೊಂದರಲ್ಲಿ ದೋಷವಿತ್ತು. ಹಾಗೆ ಮಡಿಸಿದ ಪ್ರೋಗ್ರಾಮು ಮೆಮೊರಿಯ ಮೊದಲ 64 ಕೆಬಿಯಲ್ಲಿ ಹೋಗಿ ಕುಳಿತರೆ ಬಿಚ್ಚಿಕೊಳ್ಳುವಾಗ ಎಡವುತ್ತದೆ. ಡಾಸ್ ತುಂಬಿಕೊಂಡಿದ್ದ ಹಳೆಯ ಯಂತ್ರಗಳಲ್ಲಿ ಅಷ್ಟು ಕೆಳಗೆ ಜಾಗವೇ ಸಿಗದ ಕಾರಣ ದೋಷ ಬೆಳಕಿಗೆ ಬರಲಿಲ್ಲ. 'ಲೋಡ್‌ಫಿಕ್ಸ್' ಎಂಬ ಆದೇಶ ಆ ಕೆಳಗಿನ ಜಾಗವನ್ನು ಬೇಕೆಂದೇ ತುಂಬಿಸಿ, ಆಟವನ್ನು ಮೇಲಕ್ಕೆ ಕೂರಿಸುತ್ತದೆ. ಇಡೀ ವಿದ್ಯೆಯಲ್ಲಿ ಇದರಷ್ಟು ಸುಂದರವಾದ ಪರಿಹಾರ ಇನ್ನೊಂದಿಲ್ಲ.

ಧ್ವನಿಗೆ ಮೂರು ಅಂಕಿ ಸಾಕು. ಸೌಂಡ್ ಬ್ಲಾಸ್ಟರ್ ಕಾರ್ಡಿನ ವಿಳಾಸ 220, ಇಂಟರಪ್ಟ್ 7, ಡಿಎಂಎ 1 ಎಂಬುದು ಡಾಸ್‌ಬಾಕ್ಸಿನ ರೂಢಿ. ಆಟದ ಸೆಟಪ್ ಫೈಲಿನಲ್ಲೂ ಇವನ್ನೇ ಕೊಡಬೇಕು. ಸಂಗೀತ ಬಂದು ಮಾತು ಬರದಿದ್ದರೆ ಇಂಟರಪ್ಟ್ 5 ಎಂದು ಅಲ್ಲಿ ಉಳಿದಿರುವ ಸಾಧ್ಯತೆ ಹೆಚ್ಚು. ಚಿತ್ರದ್ದು ಇನ್ನೂ ಸುಲಭ. ಡೇವ್ ಆಟ ಸಿಜಿಎ, ಇಜಿಎ, ವಿಜಿಎ ಮೂರು ಬಗೆಯ ಪರದೆಗೂ ಬೇರೆ ಬೇರೆ ಚಿತ್ರಗಳನ್ನು ತಂದಿದೆ, ವಿಜಿಎ ಆರಿಸಿದರಾಯಿತು. ಅಂದಿನ 320ಕ್ಕೆ 200 ಚುಕ್ಕಿಗಳ ಚಿತ್ರವನ್ನು ನಾಲ್ಕಕ್ಕೆ ಮೂರರ ಅಳತೆಯ ಪರದೆ ಮೇಲಕ್ಕೆ ಹಿಗ್ಗಿಸಿ ತೋರಿಸುತ್ತಿತ್ತು. ಇಂದಿನ ಪರದೆಯಲ್ಲಿ ಅದು ಕುಳ್ಳಗೆ ಕಂಡರೆ 'ಆಸ್ಪೆಕ್ಟ್' ಎಂಬ ಆಯ್ಕೆಯನ್ನು ತೆರೆಯಬೇಕು.

ಯಂತ್ರದ್ದಲ್ಲದ ಹಟವೂ ಒಂದಿದೆ. ಪ್ರಿನ್ಸ್ ಆಟದ ಮೊದಲ ಹಂತ ದಾಟಿದವರು ಅಕ್ಷರ ಬರೆದ ಪಾನೀಯಗಳ ಕೋಣೆಗೆ ಬರುತ್ತಾರೆ. ಕೈಪಿಡಿಯ ಇಂತಿಷ್ಟನೆಯ ಪುಟ, ಇಂತಿಷ್ಟನೆಯ ಸಾಲು, ಇಂತಿಷ್ಟನೆಯ ಪದದ ಮೊದಲ ಅಕ್ಷರವಿರುವ ಪಾನೀಯವನ್ನೇ ಕುಡಿಯಬೇಕು. ಹಣ ಕೊಟ್ಟು ಕೊಂಡವರ ಬಳಿ ಮಾತ್ರ ಕೈಪಿಡಿ ಇರುತ್ತದೆಂಬ ಲೆಕ್ಕ. ಎಮ್ಯುಲೇಟರ್ ಇಲ್ಲಿ ಏನನ್ನೂ ಮಾಡಲಾರದು. ಆದ್ದರಿಂದ ಹಳೆಯ ಆಟ ಉಳಿಸುವುದೆಂದರೆ ಅದರ ಜೊತೆಗಿದ್ದ ಕಾಗದವನ್ನೂ ಉಳಿಸುವುದು. ಈ ಆಟಗಳ ಹಕ್ಕುಸ್ವಾಮ್ಯ ಇನ್ನೂ ಮುಗಿದಿಲ್ಲ. ಡಾಸ್‌ಬಾಕ್ಸ್ ಸಮೇತ ಕಟ್ಟಿ ಕಡಿಮೆ ಬೆಲೆಗೆ ಮಾರುವ ಅಂಗಡಿಗಳು ಇರುವಾಗ ಕೊಳ್ಳುವುದೇ ನ್ಯಾಯ.

ಮಲೆನಾಡಿನ ಅಂಚಿನ ದಾಂಡೇಲಿ, ಜೋಯಿಡಾ ಸೀಮೆಯಲ್ಲಿ ಹಳೆಯ ಫ್ಲಾಪಿಗಳಿಂದ ಆಟ ಹೊರತೆಗೆಯಲು ಎಲ್ಲಕ್ಕಿಂತ ದೊಡ್ಡ ಅಡ್ಡಿ ಮಳೆಗಾಲ. ಜೂನ್‌ನಿಂದ ತಿಂಗಳುಗಟ್ಟಲೆ ನಿಲ್ಲುವ ತೇವಕ್ಕೆ ಫ್ಲಾಪಿಯ ಕಂದು ತಟ್ಟೆಯ ಮೇಲೆ ಬೂಷ್ಟು ಹಿಡಿಯುತ್ತದೆ. ಹಾಗೆಯೇ ಡ್ರೈವಿಗೆ ಹಾಕಿದರೆ ತಟ್ಟೆಯೂ ಕೆರೆದುಹೋಗುತ್ತದೆ, ಓದುವ ಹೆಡ್ಡೂ ಕೊಳೆಯಾಗಿ ಮುಂದಿನ ಫ್ಲಾಪಿಯನ್ನೂ ಕೆಡಿಸುತ್ತದೆ. ಲೋಹದ ಮುಚ್ಚಳ ಸರಿಸಿ ಬೆಳಕಿಗೆ ಹಿಡಿದು ನೋಡಿ, ತಟ್ಟೆ ಶುಭ್ರವಾಗಿದ್ದರೆ ಮಾತ್ರ ಮುಂದುವರಿಯಬೇಕು. ಮೂರೂವರೆ ಇಂಚಿನದಾದರೆ ಮೂಲೆಯ ಪುಟ್ಟ ತೂತು ತೆರೆದಿರುವಂತೆ ಗುಬ್ಬಿಯನ್ನು ಸರಿಸಿಟ್ಟರೆ ಅಳಿಸಿಹೋಗುವ ಭಯವಿಲ್ಲ. ಫೈಲುಗಳನ್ನು ಒಂದೊಂದಾಗಿ ನಕಲಿಸುವ ಬದಲು ಇಡೀ ಫ್ಲಾಪಿಯ ಇಮೇಜ್ ತೆಗೆಯಬೇಕು, ಡಾಸ್‌ಬಾಕ್ಸ್ ಅದನ್ನು ನೇರವಾಗಿ ಓದಬಲ್ಲದು.

ಡೇವ್, ಪ್ರಿನ್ಸ್‌ಗಳನ್ನು ಜಗತ್ತು ಕಾಪಾಡುತ್ತದೆ. ಪ್ರಿನ್ಸ್‌ನ ಆಪಲ್ 2 ಮೂಲ ಸಂಕೇತ 2012ರಲ್ಲಿ ಹಳೆಯ ಫ್ಲಾಪಿಗಳಲ್ಲಿ ಸಿಕ್ಕಿ ಸಾರ್ವಜನಿಕವಾಯಿತು. ಅದೇ ಡಾಸ್ ಕಾಲದ ಕನ್ನಡಕ್ಕೆ ಆ ಭಾಗ್ಯವಿಲ್ಲ. ಆಗ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡನ್ನು ಯಂತ್ರದೊಳಗೆ ಕೂರಿಸಿದರೆ ಡಾಸ್ ಪರದೆಯ ಮೇಲೆ ಕನ್ನಡ ಮೂಡುತ್ತಿತ್ತು. ಡಾಸ್‌ಬಾಕ್ಸ್ ಸೌಂಡ್ ಬ್ಲಾಸ್ಟರನ್ನು ನಟಿಸುತ್ತದೆ, ಜಿಸ್ಟ್ ಕಾರ್ಡನ್ನಲ್ಲ. ಭಾರತೀಯ ಲಿಪಿಗಳಿಗೆ ಅಂದು ಬಳಸುತ್ತಿದ್ದ ಇಸ್ಕಿ ಸಂಕೇತದಲ್ಲಿ ಉಳಿದ ಬರಹವನ್ನು ಯೂನಿಕೋಡಿಗೆ ತರಬಹುದು, ಏಕೆಂದರೆ ಯೂನಿಕೋಡಿನ ಕನ್ನಡ ವಿಭಾಗ ರೂಪುಗೊಂಡದ್ದೇ ಇಸ್ಕಿಯ ಮಾದರಿಯಲ್ಲಿ. ಆದರೆ ಫ್ಲಾಪಿ ಓದುವ ಸ್ಥಿತಿಯಲ್ಲಿದ್ದರೆ ಮಾತ್ರ ಅದು ಸಾಧ್ಯ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಶಾಲೆ, ಮುದ್ರಣಾಲಯ, ಮನೆಗಳ ಕಪಾಟಿನಲ್ಲಿ ಇಂಥ ಫ್ಲಾಪಿ ಇಟ್ಟುಕೊಂಡವರು ಆಟದ್ದನ್ನೂ ಬರಹದ್ದನ್ನೂ ಮುಂದಿನ ಮಳೆ ಹಿಡಿಯುವ ಮೊದಲೇ ಹೊರತೆಗೆದು ಇಮೇಜ್ ಮಾಡಿಡಬೇಕು.