ನಗೆಗೆ ನಿಷೇಧ

ಛಾಯಾಚಿತ್ರಗ್ರಾಹಕನ ಮುಂದೆ ಕುಳಿತವರಿಗೆ ‘ಸ್ವಲ್ಪ ನಗಿ’ ಎನ್ನುವುದು ವಾಡಿಕೆ. ಪಾಸ್‌ಪೋರ್ಟಿನ ಚಿತ್ರಕ್ಕೆ ಕುಳಿತವರಿಗೆ ಮಾತ್ರ ‘ನಗಬೇಡಿ’ ಎಂಬ ಅಪ್ಪಣೆ!

ಮೊದಲು ಇಷ್ಟು ಬಿಗಿಯಿರಲಿಲ್ಲ. 1915ರಲ್ಲಿ, ಮಹಾಯುದ್ಧದ ನಡುವೆ, ಬ್ರಿಟನ್ ಪಾಸ್‌ಪೋರ್ಟಿಗೆ ಭಾವಚಿತ್ರವನ್ನು ಅಂಟಿಸತೊಡಗಿದ ಕಾಲದಲ್ಲಿ ಟೋಪಿ ತೊಟ್ಟವರೂ, ಹೆಂಡತಿ ಮಕ್ಕಳೊಡನೆ ಕುಳಿತವರೂ ಅದರಲ್ಲಿ ಸೇರಿಕೊಂಡರು. ಈಗ ಮುಖವನ್ನು ಯಂತ್ರವೂ ಓದುತ್ತದೆ. ಬಾಯಗಲಿಸಿ ನಕ್ಕರೆ ಅದರ ಲೆಕ್ಕ ತಪ್ಪಬಹುದು. ಆದುದರಿಂದಲೇ ತೆರೆದ ಕಣ್ಣು, ಮುಚ್ಚಿದ ಬಾಯಿ. ಅಮೆರಿಕವಂತೂ 2016ರ ನವೆಂಬರಿನಿಂದ ಪಾಸ್‌ಪೋರ್ಟು, ವೀಸಾ ಎರಡರ ಚಿತ್ರಕ್ಕೂ ಕನ್ನಡಕವನ್ನು ಕಳಚಿಸಿತು. ನಲವತ್ತು ವರ್ಷ ಕನ್ನಡಕದ ಹಿಂದೆ ಬಾಳಿದ ಮುಖ ಅದಿಲ್ಲದೆ ಮನೆಯವರಿಗೇ ಗುರುತು ಹತ್ತದು, ಯಂತ್ರಕ್ಕೆ ಹತ್ತುತ್ತದೆ.

ಮಗಳ ಬಾಣಂತನಕ್ಕೆಂದು ಬೆಂಗಳೂರಿನಿಂದ ಅಲ್ಲಿಗೆ ಹೊರಟ ತಾಯಂದಿರು ಎಷ್ಟೋ ಮಂದಿ. ಮದುವೆಯ ಗುಂಪುಚಿತ್ರಗಳಲ್ಲಿ ಸದಾ ಹಿಂದಿನ ಸಾಲಿನಲ್ಲಿ ಅರ್ಧ ಮರೆಯಾಗಿ ನಿಂತ ಇಂಥ ತಾಯಿಗೆ, ಒಬ್ಬಳೇ ಕುಳಿತು ತೆಗೆಸಿಕೊಂಡ ಚಿತ್ರವೆಂದರೆ ಬಹುಶಃ ಅದೊಂದೇ. ಅಧಿಕಾರಿಯ ಕಣ್ಣಿಗೆಂದು ಬಿಗಿದುಕೊಂಡ ಆ ಮುಖವನ್ನೇ ಮುಂದೊಂದು ದಿನ ಮಕ್ಕಳು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಗಂಧದ ಹಾರ ತೊಡಿಸಿ ನಡುಮನೆಯ ಗೋಡೆಗೆ ತೂಗುಹಾಕುತ್ತಾರೆ. ಅವಳ ನಗುವನ್ನು ಕಾಣದೆ ಬೆಳೆದ ಮೊಮ್ಮಗು ಕತ್ತೆತ್ತಿ ನೋಡಿ, ‘ಅಜ್ಜಿಗೆ ಯಾರ ಮೇಲಮ್ಮಾ ಕೋಪ?’ ಎಂದು ಕೇಳುತ್ತದೆ.