ಕಂಡರೆ ಒತ್ತಿ

ಶಾಲೆಯಲ್ಲಿ ನಾನು ಫೇಲಾದವನಲ್ಲ. ಬ್ಯಾಂಕಿನ ಇಲಾಖಾ ಪರೀಕ್ಷೆಗಳನ್ನೂ ಒಂದೇ ಏಟಿಗೆ ಮುಗಿಸಿದವನು. ಆದರೆ ಗುಜರಾತಿನ ಮೂರು ಊರುಗಳಲ್ಲಿ ಬಿಳಿ ಬೋಗುಣಿಯೊಳಗೆ ಮುಖವಿಟ್ಟು ಬರೆದ ಪರೀಕ್ಷೆಯಲ್ಲಿ ಮಾತ್ರ ಊರಿಗೊಂದು ಬಗೆಯಲ್ಲಿ ನಪಾಸಾಗಿದ್ದೇನೆ.

ಫೀಲ್ಡ್ ಟೆಸ್ಟು ಅನ್ನುತ್ತಾರೆ ಅದಕ್ಕೆ. ಕತ್ತಲ ಕೋಣೆ, ಗದ್ದ ಊರಲು ಒಂದು ಪ್ಲಾಸ್ಟಿಕ್ ತಟ್ಟೆ, ಅದರ ಮೇಲೆ ಹಿಂದಿನವರ ಬೆವರು ನಮಗೆ ತಾಗದಂತೆ ಒಂದು ಟಿಶ್ಯೂ ಕಾಗದ. ಒಂದು ಕಣ್ಣಿಗೆ ಪಟ್ಟಿ, ಕೈಗೆ ಒಂದು ಗುಂಡಿ. ಬೋಗುಣಿಯ ನಡುವೆ ಹಳದಿ ದೀಪವೊಂದು ಸುಮ್ಮನೆ ಉರಿಯುತ್ತಿರುತ್ತದೆ. ಅದನ್ನೇ ನೋಡುತ್ತಿರಬೇಕು. ಸುತ್ತಲಿನ ಬಿಳುಪಿನಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕಿ ಸೆಕೆಂಡಿನ ಐದರಲ್ಲೊಂದು ಪಾಲು ಮಿನುಗಿ ಹೋಗುತ್ತದೆ. ಕಂಡರೆ ಒತ್ತಬೇಕು, ಕಾಣದಿದ್ದರೆ ಸುಮ್ಮನಿರಬೇಕು. ಎರಡನೇ ಇಯತ್ತೆಯ ಹುಡುಗನಿಗೂ ತಿಳಿಯುವ ನಿಯಮ.

ಮೊದಲನೆಯದು ಸೂರತ್ತಿನಲ್ಲಿ. ಕನ್ನಡಕದ ನಂಬರು ನೋಡಿಸಲು ಹೋದವನಿಗೆ ಕಣ್ಣಿನ ಒತ್ತಡ ಜಾಸ್ತಿ ಇದೆ, ‘ಝಾಮರ್’ ಇರಬಹುದು ಅಂದರು. ಝಾಮರ್ ಅಂದರೆ ಗ್ಲಾಕೋಮಾ ಎಂದು ತಿಳಿಯುವತನಕ ನಾನು ನಗುತ್ತಲೇ ಇದ್ದೆ. ಎಡವಟ್ಟು ಎಂಬ ಅರ್ಥದ ‘ಲೋಚೋ’ ಅನ್ನುವ ಮಾತನ್ನೇ ತಿಂಡಿಗೆ ಹೆಸರಿಟ್ಟು ಬೆಳಗ್ಗೆ ಬೆಳಗ್ಗೆ ತಿನ್ನುವ ಊರಿನಲ್ಲಿ ಯಾವ ಹೆಸರಿಗೆ ಹೆದರುವುದು, ಯಾವುದಕ್ಕೆ ಬಾಯಿ ಚಪ್ಪರಿಸುವುದು? ಹೆದರಿಕೆ ಹುಟ್ಟಿಸಿದ್ದು ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ವರಾಛಾ ರೋಡಿನ ಮುದುಕ. ವಜ್ರ ಉಜ್ಜುವ ಹೀರಾಘಸು. ಸಾಸಿವೆಯಷ್ಟು ಕಲ್ಲನ್ನು ಹತ್ತುಪಟ್ಟಿನ ಮಸೂರದಲ್ಲಿ ಹಿಡಿದು ಒಳಗಿನ ಕೂದಲೆಳೆ ಬಿರುಕನ್ನು ಈಗಲೂ ಹೇಳಬಲ್ಲೆ ಅಂದ. ‘ಹೋದ ವಾರ ಎಡಗಡೆಯಿಂದ ಬಂದ ಸ್ಕೂಟರು ಮಾತ್ರ ಕಾಣಲಿಲ್ಲ, ಭಾಯ್. ಆಕಾಶದಿಂದ ಉದುರಿದ ಹಾಗೆ ಬಂತು.’ ಗ್ಲಾಕೋಮಾದ ಬಗ್ಗೆ ಆಮೇಲೆ ಡಾಕ್ಟರು ಚಿತ್ರ ಬರೆದು ಹೇಳಿದ್ದೂ ಇಷ್ಟೇ. ನಟ್ಟನಡುವೆ ನೋಟ ಚೊಕ್ಕಟವಾಗಿರುತ್ತದೆ, ಅಕ್ಷರ ಓದುವ ಪರೀಕ್ಷೆಯಲ್ಲಿ ಪಾಸಾಗುತ್ತೀರಿ, ಅಂಚುಕಟ್ಟು ಮಾತ್ರ ಸದ್ದಿಲ್ಲದೆ ಸವೆಯುತ್ತದೆ. ಸವೆದ ನರ ಮತ್ತೆ ಬಾರದು.

ಒಳಗೆ ಹೋದ ಮೇಲೆ ನಾನು ಮಾಡಿದ್ದು, ಹೊಸ ಊರಿಗೆ ಬಂದವನು ಮಾಡುವ ಕೆಲಸ. ಎಲ್ಲಿ ಬೆಳಕು ಬಂತೋ ಎಂದು ಹುಡುಕುತ್ತಾ ಹೋದೆ. ಆಚೆ ಕೂತ ಹುಡುಗಿಯ ಪರದೆಯ ಮೇಲೆ ನನ್ನ ಕಣ್ಣು ದೊಡ್ಡದಾಗಿ ಕಾಣುತ್ತದೆಂಬುದು ಗೊತ್ತಿರಲಿಲ್ಲ. ‘ಕಾಕಾ, ಆಂಖ್ ಭಾಗೇ ಛೇ! ಸಾಮೇ ಜುಓ!’ ಕಣ್ಣು ಓಡಿಹೋಗುತ್ತಿದೆ, ಎದುರಿಗೆ ನೋಡಿ ಎಂದು ಗದರಿದಳು. ಅವಳು ನೋಡದಿದ್ದರೂ ಯಂತ್ರ ಬಿಡುವುದಿಲ್ಲ. ನರ ಹೊರಹೋಗುವ ಕಡೆ ಎಲ್ಲರ ಕಣ್ಣಿನಲ್ಲೂ ಒಂದು ಕುರುಡು ಚುಕ್ಕಿ ಇರುತ್ತದೆ, ನೋಟದ ನಡುವಿನಿಂದ ಕಿವಿಯ ಕಡೆಗೆ ಹದಿನೈದು ಡಿಗ್ರಿ ದೂರದಲ್ಲಿ. ಯಂತ್ರ ಆಗಾಗ ಅಲ್ಲಿಗೇ ಒಂದು ಚುಕ್ಕಿ ಎಸೆಯುತ್ತದೆ. ನೆಟ್ಟಗೆ ನೋಡುವವನಿಗೆ ಅದು ಕಾಣಬಾರದು. ಕಂಡಿತೋ, ಸಿಕ್ಕಿಬಿದ್ದೆವು. ನಾನು ಸುಮಾರು ಸಲ ಸಿಕ್ಕಿಬಿದ್ದೆ.

ವಡೋದರಾದ್ದು ನಾಚಿಕೆಯ ಕಥೆ. ನವರಾತ್ರಿ, ಹಿಂದಿನ ರಾತ್ರಿ ಹೆಂಡತಿ ಮಕ್ಕಳ ಜೊತೆ ಗರ್ಬಾ. ಬೆಳಗ್ಗೆ ಹತ್ತಕ್ಕೆ ಕತ್ತಲ ಕೋಣೆ, ಯಂತ್ರದ ಗುಂಯ್ ಸದ್ದು, ಊರಲು ಗದ್ದಕ್ಕೊಂದು ತಟ್ಟೆ. ಇದಕ್ಕಿಂತ ಒಳ್ಳೆಯ ಮಲಗುವ ಕೋಣೆ ಬೇಕೆ? ರೆಪ್ಪೆ ಅರ್ಧ ಇಳಿಯಿತು. ಬಂದ ಕಾಗದದಲ್ಲಿ ನೋಟದ ಮೇಲ್ಭಾಗವೆಲ್ಲ ಕಪ್ಪು. ಮನೆಗೆ ಬರುವಷ್ಟರಲ್ಲಿ ಆಟೋದಲ್ಲೇ ಮನಸ್ಸಿನೊಳಗೆ ಉಯಿಲು ಬರೆದು ಮುಗಿಸಿದ್ದೆ, ಧಾರವಾಡದ ಸೈಟು ಯಾರಿಗೆ ಎಂಬಲ್ಲಿ ಮಾತ್ರ ಪೆನ್ನು ನಿಂತಿತ್ತು. ವಾರ ಬಿಟ್ಟು ನಿದ್ದೆ ಮಾಡಿಕೊಂಡು ಹೋದಾಗ ಕಪ್ಪೆಲ್ಲ ಹೋಗಿತ್ತು. ಅಮೆರಿಕದಲ್ಲಿ ಕಣ್ಣಿನ ಒತ್ತಡ ಹೆಚ್ಚಿರುವವರ ಮೇಲೆ ನಡೆದ ಒಂದು ದೊಡ್ಡ ಅಧ್ಯಯನದ ಲೆಕ್ಕ 2000ದಲ್ಲಿ ಅಚ್ಚಾಯಿತು. ಮೊದಲ ಸಲ ದೋಷ ತೋರಿಸಿದ ನಂಬಲರ್ಹ ಪರೀಕ್ಷೆಗಳಲ್ಲೇ ನೂರಕ್ಕೆ 86ರಷ್ಟು ಮರುಪರೀಕ್ಷೆಯಲ್ಲಿ ನಿಲ್ಲಲಿಲ್ಲವಂತೆ. ಗರ್ಬಾ ಕುಣಿಯದವರ ಗತಿಯೂ ಇದೇ ಎಂಬುದನ್ನು ನೆನೆದಾಗ ನನ್ನ ಮಾನ ಅರ್ಧ ವಾಪಸು ಬಂತು.

ಅಹಮದಾಬಾದಿಗೆ ಬರುವ ಹೊತ್ತಿಗೆ ನಿವೃತ್ತಿ. ಇಲ್ಲಿ ಒಂದು ಸಂಶೋಧನೆಗೆ ಸೇರುತ್ತೀರಾ ಎಂದು ಕೇಳಿದರು. ಸಮ್ಮತಿ ಪತ್ರ ಗುಜರಾತಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಇತ್ತು. ಜಂಬಕ್ಕೆ ಗುಜರಾತಿಯದನ್ನೇ ತೆಗೆದುಕೊಂಡು ಓದಿ, ಕೆಳಗೆ ಕನ್ನಡದಲ್ಲಿ ಸಹಿ ಹಾಕಿದೆ. ಹುಡುಗಿ ಕಾಗದವನ್ನು ಹೀಗೆ ಹಾಗೆ ತಿರುಗಿಸಿ ನೋಡಿದಳು. ‘ತೆಲುಗು?’ ಅಂದಳು. ಅಲ್ಲಿಂದ ಮುಂದೆ ನನಗೆ ಹೆಸರಿಲ್ಲ, ಒಂದು ನಂಬರು. ನನ್ನ ಕಣ್ಣಿನ ಕಾಗದಗಳು ನನ್ನ ಮುಖ ಕಾಣದ ಯಾರದೋ ಮೇಜಿಗೆ ಹೋಗುತ್ತವೆ. ಮೊದಲ ಸಲದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಭ್ಯಾಸವಾದಂತೆ ಜನ ಜಾಣರಾಗುತ್ತಾರೆ ಎಂದೂ ಹೇಳಿದರು.

ಜಾಣತನವೇ ಮುಳುವಾಯಿತು. ಎಷ್ಟೋ ಹೊತ್ತು ಏನೂ ಕಾಣದೆ ಕೂತಾಗ ಪರೀಕ್ಷೆ ಬರೆದು ಬೆಳೆದ ಜೀವ ತಡೆಯುವುದಿಲ್ಲ. ಖಾಲಿ ಬಿಡಬೇಡ, ಏನಾದರೂ ಬರಿ ಎಂದು ನಮ್ಮ ಮಾಸ್ತರು ಕಲಿಸಿದ್ದು. ಒತ್ತಿದೆ. ಮತ್ತೆ ಒತ್ತಿದೆ. ಯಂತ್ರ ನಿಲ್ಲಿಸಿ ಹುಡುಗಿ ಲೈಟು ಹಾಕಿದಳು. ಬೈಯಲಿಲ್ಲ. ಲಾ ಗಾರ್ಡನ್ ಸಂತೆಯಲ್ಲಿ ಚೌಕಾಸಿ ಮಾಡಿದ್ದೀರಲ್ಲ ಕಾಕಾ ಎಂದು ಕೇಳಿದಳು. ಇದೂ ಅದೇ. ಕಂಡಿತು ಅಂದರೆ ಯಂತ್ರ ಬೆಳಕು ಇಳಿಸುತ್ತದೆ, ಮತ್ತೆ ಇಳಿಸುತ್ತದೆ. ಕಾಣಲಿಲ್ಲ ಅಂದರೆ ಒಂದಿಷ್ಟು ಏರಿಸುತ್ತದೆ. ಐವತ್ನಾಲ್ಕು ಜಾಗದಲ್ಲೂ ನಿಮ್ಮ ‘ಛೇಲ್ಲೊ ಭಾವ್’, ಕಡೆಯ ರೇಟು, ಎಷ್ಟು ಎಂದು ಹುಡುಕುತ್ತದೆ. ಆದ್ದರಿಂದ ಒಳ್ಳೆಯ ಕಣ್ಣಿಗೂ ಅರ್ಧದಷ್ಟು ಚುಕ್ಕಿ ಕಾಣುವುದೇ ಇಲ್ಲ. ಇಪ್ಪತ್ತು ವರ್ಷ ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಕಾಣದ ಪ್ರತಿ ಚುಕ್ಕಿಗೂ ನಾನು ಒಳಗೇ ಬೆವರಿದ್ದೆ.

ಆ ದಿನದ ಅಂಕ ಮೈನಸ್ ಎರಡು ಚಿಲ್ಲರೆ ಡೆಸಿಬೆಲ್. ನಿಮ್ಮ ವಯಸ್ಸಿನ ಒಳ್ಳೆಯ ಕಣ್ಣಿನವರ ಜೊತೆ ಹೋಲಿಸಿ ಕೊಡುವ ಅಂಕ ಅದು. ಪಕ್ಕದ ಮನೆಯ ಹುಡುಗನ ಜೊತೆ ಹೋಲಿಕೆ ಈ ವಯಸ್ಸಿನಲ್ಲೂ ತಪ್ಪಲಿಲ್ಲ. ಮೈನಸ್ ಇದ್ದರೂ ಚಿಂತೆಯಿಲ್ಲ, ಕಣ್ಣಿಗೆ ಔಷಧದ ಹನಿ ಹಾಕುವುದನ್ನು ಮಾತ್ರ ಬಿಡಬೇಡಿ ಅಂದರು.

ಕುರುಡು ಚುಕ್ಕಿ ಮಾತ್ರ ತಲೆಯಲ್ಲಿ ಉಳಿದುಬಿಟ್ಟಿತು. ಅದನ್ನು ಹದಿನೇಳನೇ ಶತಮಾನದಲ್ಲಿ ಕಂಡುಹಿಡಿದವನು ಮಾರಿಯೋಟ್ ಎಂಬ ಫ್ರೆಂಚಿನವ. ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ದೊರೆ ಒಂದು ಕಣ್ಣು ಮುಚ್ಚಿ, ಆ ಚುಕ್ಕಿಗೆ ಸಿಕ್ಕಿಸಿ, ಕೂತಲ್ಲೇ ಆಸ್ಥಾನಿಕರ ತಲೆ ಹಾರಿಸುತ್ತಿದ್ದ ಎಂದು ಕಥೆ. ಸಂಜೆ ನಾನೂ ಎಡಗಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರಿನಲ್ಲಿ ಬಲಗಣ್ಣು ನೆಟ್ಟೆ. ಅದರ ಬಲಕ್ಕೆ ಎರಡಡಿ ಆಚೆ ಹೆಂಡತಿ ಚವಳಿಕಾಯಿ ಸೋಸುತ್ತಿದ್ದಳು. ಕುರ್ಚಿಯನ್ನು ಹಿಂದೆ ಮುಂದೆ ಎಳೆದೆ. ಮುಖ ಮಾಯವಾಯಿತು. ಕಪ್ಪು ತೂತೇನೂ ಕಾಣಲಿಲ್ಲ. ಗೋಡೆಯ ತಿಳಿಹಸಿರು ಅಲ್ಲಿಗೆ ಹರಿದು ಸಪಾಟಾಗಿ ಕೂತಿತ್ತು, ಅಲ್ಲಿ ಯಾರೂ ಇರಲೇ ಇಲ್ಲವೇನೋ ಅನ್ನುವ ಹಾಗೆ. ಗಾಬರಿಯಾಗಿ ಕಣ್ಣು ಹೊರಳಿಸಿದೆ. ಇದ್ದಳು. ವಿಷಯ ಹೇಳಿದೆ.

‘ಅದಕ್ಕ ಒಂದ್ ಕಣ್ಣು ಯಾಕ್ ಮುಚ್ಚಬೇಕ್ರಿ? ಮೂವತ್ತೆಂಟು ವರ್ಷದಿಂದ ಎರಡೂ ಕಣ್ಣು ತಕ್ಕೊಂಡs ಮಾಡ್ಕೋತ ಬಂದೀರಲ್ಲ’ ಅಂದಳು, ಚವಳಿಕಾಯಿಯಿಂದ ಮುಖ ಎತ್ತದೆ.

ಆಗಲೇ ಧಾರವಾಡದಿಂದ ಅಕ್ಕನ ಫೋನು. ದೀಪಾವಳಿಗೆ ಬರೋದು ಆಗದಿದ್ದರೆ ಶ್ರಾವಣದಾಗಾದ್ರೂ ಬಾ ಅಂದಳು. ‘ಚಾಲ್ಶೆ, ಚಾಲ್ಶೆ’ ಅಂದೆ.

‘ಏನಪಾ ಅದು ಚಾಲ್ಶೆ?’

ಯಾವತ್ತಿನಿಂದ ಹಾಗೆ ಅನ್ನುತ್ತಿದ್ದೇನೋ. ಅದಕ್ಕೆ ಮೊದಲು ಅಲ್ಲಿ ಒಂದು ಮಾತಿತ್ತು, ದಿನಕ್ಕೆ ಐವತ್ತು ಸಲ ಆಡುತ್ತಿದ್ದದ್ದು. ಫೋನು ಹಿಡಿದುಕೊಂಡು ಹುಡುಕುತ್ತಾ ನಿಂತೆ. ಆ ಕಡೆ ಅಕ್ಕ ‘ಹಲೋ, ಹಲೋ’ ಅನ್ನುತ್ತಲೇ ಇದ್ದಳು.

‘ನಡೀತದ ಅನ್ರಿ’ ಅಂದಳು ಹೆಂಡತಿ.