ಒಂದೇ ನಂಬರು, ನಾಲ್ಕು ಸಲ

ಮುಂಬೈಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಸೊಸೈಟಿಗಳಿಗೆ ಸಿಸಿಟಿವಿ ಹಾಕಿಕೊಡುವುದು ನನ್ನ ಕಸುಬು. ಕ್ಯಾಮೆರಾ ಕೂರಿಸುವುದಕ್ಕಿಂತ ಅದರ ಜಾತಕ ಬರೆಯುವುದೇ ನಮಗೆ ದೊಡ್ಡ ಕೆಲಸವಾಗಿತ್ತು ನೋಡಿ! ನಮ್ಮ ಬಿಜಾಪುರದ ಹುಡುಗ ಏಣಿ ಹತ್ತಿ ಸೀರಿಯಲ್ ನಂಬರನ್ನು ಚೀಟಿಯಲ್ಲಿ ಗೀಚುತ್ತಿದ್ದ. ಅದೇ ನಂಬರು ಆಫೀಸಿನಲ್ಲಿ ಎಕ್ಸೆಲ್‌ಗೆ, ಆಮೇಲೆ ಟ್ಯಾಲಿ ಬಿಲ್ಲಿಗೆ, ಕೊನೆಗೆ ವಾರಂಟಿ ಪಟ್ಟಿಗೆ.

ಹೋದ ಮಳೆಗಾಲದಲ್ಲಿ ಥಾಣೆಯ ಒಂದು ಸೊಸೈಟಿಯ ಗೇಟಿನ ಕ್ಯಾಮೆರಾ ಕೆಟ್ಟಿತು. ವಾರಂಟಿ ಇನ್ನೂ ಇತ್ತು. ಆದರೆ ಬಿಲ್ಲಿನಲ್ಲಿ ಒಂದಕ್ಷರ ತಪ್ಪು, ಎಂಟು ಇರಬೇಕಾದಲ್ಲಿ ‘ಬಿ’. ಡೀಲರ್ ವಾಪಸ್ ಕಳಿಸಿದ. ಕೈಯಿಂದ ದುಡ್ಡು ಹಾಕಿ ಹೊಸದು ಕೊಟ್ಟೆ. ಎಲ್ಲರೆದುರು ಹುಡುಗನಿಗೆ ಬೈದೆ. ಅವನು ಮಾತಾಡಲಿಲ್ಲ, ಹಳೆಯ ಚೀಟಿ ಹುಡುಕಿ ತಂದಿಟ್ಟ. ಎಂಟು ಸರಿಯಾಗಿಯೇ ಇತ್ತು. ಆವತ್ತು ಲೆಕ್ಕದ ಅಕ್ಕ ರಜೆ, ಟೈಪ್ ಮಾಡಿದ್ದು ನಾನೇ!

ಈಗ ಬರೆಯುವುದೇ ಇಲ್ಲ. ಏಣಿ ಹತ್ತುವ ಮೊದಲೇ ಮೊಬೈಲಿನಲ್ಲಿ ಬಾರ್‌ಕೋಡ್ ಸ್ಕ್ಯಾನ್. ಡಬ್ಬಿಯದ್ದಲ್ಲ, ಕ್ಯಾಮೆರಾದ್ದೇ; ಡಬ್ಬಿಗಳು ಅದಲುಬದಲಾಗುತ್ತವೆ. ನಂಬರು ನೇರ ಒಂದೇ ಶೀಟಿಗೆ ಹೋಗುತ್ತದೆ, ಬಿಲ್ಲಿಗೂ ವಾರಂಟಿಗೂ ಅಲ್ಲಿಂದಲೇ ತೆಗೆದುಕೊಳ್ಳುತ್ತೇವೆ. (ಆ ಕಾಲಂ ‘ಟೆಕ್ಸ್ಟ್’ ಮಾಡಿಡಿ ಮಾರಾಯ್ರೆ, ಇಲ್ಲದಿದ್ದರೆ ಎಕ್ಸೆಲ್ ಮೊದಲಿನ ಸೊನ್ನೆ ನುಂಗಿಬಿಡುತ್ತದೆ.) ತನ್ನ ಕೆಲಸ ಹೋಯಿತೆಂದು ಹೆದರಿದ್ದ ಅಕ್ಕ ಈಗ ಬಾಕಿ ವಸೂಲಿಗೆ ಫೋನ್ ಹಿಡಿದು ಕೂತಿದ್ದಾಳೆ.

ಹುಡುಗನಿಗೆ ‘ತಪ್ಪಾಯ್ತಪ್ಪ’ ಅಂದೆ.

‘ಇರ್ಲಿ ಬಿಡ್ರಿ ಅಣ್ಣಾ, ಇನ್ಮ್ಯಾಲೆ ನೀವು ಟೈಪ್ ಮಾಡಾಕ ಕೂಡಬ್ಯಾಡ್ರಿ’ ಅಂದ.